ಇಟಲಿಯ ಕೆಂಪು ವೈನೂ ನಮ್ಮ ಬಯಲುಸೀಮೆಯ ನೆಲವೂ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿಯೆಂಬ ಬಂಡೆಗಲ್ಲಿನ ಬೆಟ್ಟವೊಂದುಂಟು. ಅಲ್ಲಿಯೂ, ನೆರೆಯ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿಯೂ ಇರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಕಂಡುಹಿಡಿದರೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯ ಬುಡದಲ್ಲಿ ಉತ್ಖನನ ನಡೆಸಿದಾಗ, ಮೇಲಿನ ಪದರಗಳಲ್ಲಿ ವರ್ತುಲಾಕಾರದ ಗೆರೆಗಳಿಂದ ಅಲಂಕೃತವಾದ ಒಂದು ಬಗೆಯ ನುಣುಪು ಮಡಕೆಯ ಚೂರುಗಳು ದೊರೆತವು. ಅವುಗಳ ಕಾಲವನ್ನು ನಿರ್ಣಯಿಸುವುದು ಹೇಗೆ? ಎರಡು ವರ್ಷ ಮೊದಲು, ೧೯೪೫ರಲ್ಲಿ, ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಅವರೇ ಅಗೆಸಿದ ನೆಲದಲ್ಲಿ ಇದೇ ಬಗೆಯ ಚೂರುಗಳು ಸಿಕ್ಕಿದ್ದವು. ಅವುಗಳ ಜೊತೆಯಲ್ಲಿ ಇಟಲಿಯ ಅರೆಝೋ ಪಟ್ಟಣದ ಹೆಸರನ್ನು ಹೊತ್ತ ಕೆಂಪು ಪಾತ್ರೆಗಳೂ, ಮೆಡಿಟರೇನಿಯನ್ ತೀರದಿಂದ ವೈನನ್ನು ತುಂಬಿ ತಂದಿದ್ದ ಎರಡು ಹಿಡಿಯ ಮಣ್ಣಿನ ಕೊಡಗಳೂ ಇದ್ದವು. ಇಟಲಿಯ ಪಾತ್ರೆಗಳ ಕಾಲ ಗೊತ್ತಿತ್ತು; ಅದರಿಂದ ಅರಿಕಮೇಡಿನ ಕಾಲ ತಿಳಿಯಿತು; ಅದರ ನೆರವಿನಿಂದ ಬ್ರಹ್ಮಗಿರಿಯ ಕಾಲವನ್ನು ಎಣಿಸಲಾಯಿತು. ಮುಂದಿನ ಸಂಶೋಧಕರು ಈ ಗಣನೆಯನ್ನು ಅಷ್ಟಿಷ್ಟು ತಿದ್ದಿರುವರಾದರೂ, ಮೊಳಕಾಲ್ಮೂರಿನ ಪ್ರಾಚೀನತೆಯನ್ನು ಅಳೆಯುವ ಕೆಲಸದಲ್ಲಿ ಇಟಲಿಯ ಸರಕು ಅಳತೆಗೋಲಾಯಿತೆಂಬುದು ದಿಟ.

ಇನ್ನೊಂದು ಸಂಗತಿ. ಕ್ರಿಸ್ತಶಕದ ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆಯಲ್ಪಟ್ಟ 'ಪೆರಿಪ್ಲಸ್' ಎಂಬ ನಾವಿಕರ ಕೈಪಿಡಿಯಲ್ಲಿ, ಭರೂಚ್ ಬಂದರಿಗೆ ಬರುತ್ತಿದ್ದ ಸರಕುಗಳ ಪಟ್ಟಿಯಿದೆ. ಅದರಲ್ಲಿ ಹಲವು ದೇಶಗಳ ವೈನುಗಳು ಸೇರಿದ್ದು, ಇಟಲಿಯದಕ್ಕೆ ಹೆಚ್ಚಿನ ಬೇಡಿಕೆಯಿತ್ತೆಂದು ಹೇಳಿದೆ. ದ್ರಾಕ್ಷಿ ಎಲ್ಲಿಯೂ ದ್ರಾಕ್ಷಿಯೇ; ಹುಳಿಸಿದರೆ ಮದ್ಯವಾಗುವುದೂ ಎಲ್ಲಿಯೂ ಒಂದೇ ರೀತಿ. ಹಾಗಿದ್ದರೂ ಎರಡು ಸಾವಿರ ವರ್ಷಗಳ ಹಿಂದೆಯೇ ಕೊಳ್ಳುವವನು ಸರಕಿನ ಹೆಸರಿನೊಡನೆ ನೆಲದ ಹೆಸರನ್ನೂ ಕೇಳುತ್ತಿದ್ದನು. ಇಂದಿಗೂ ಲೋಕದ ಮಾರುಕಟ್ಟೆಯಲ್ಲಿ ಬರೋಲೊ, ಕಿಯಾಂತಿ, ಮೊಂತಾಲ್ಚಿನೊ ಎಂಬ ಇಟಲಿಯ ಹಳ್ಳಿ-ಬೆಟ್ಟಗಳ ಹೆಸರುಗಳಿಗೇ ಬೆಲೆ.

ಈ ಲೇಖನ ಪಾನಪ್ರಶಂಸೆಗಾಗಿ ಬರೆದುದಲ್ಲ. ಕುಡಿತದ ವಿಷಯದಲ್ಲಿ ನಮ್ಮ ಮನೆಗಳು ಕಲಿಸಿದ ನೀತಿಯನ್ನು ತರುಣ ವಾಚಕರು ಬಿಡಬೇಕಾಗಿಲ್ಲ. ಇಲ್ಲಿ ಎತ್ತಿಕೊಂಡಿರುವುದು ವಿಜ್ಞಾನದ ಒಂದು ಪ್ರಶ್ನೆ: ಒಂದು ಊರಿನ ಬೆಳೆಯಿಂದಾದ ಪದಾರ್ಥಕ್ಕೆ ಆ ಊರಿನದೇ ಆದ ಗುಣ ಬರುವುದು ಎಲ್ಲಿಂದ? ಈ ಪ್ರಶ್ನೆಗೆ ಇಟಲಿಯ ಕೆಂಪು ವೈನಿನಷ್ಟು ಚೆನ್ನಾಗಿ ಪರೀಕ್ಷಿಸಲ್ಪಟ್ಟ ಉದಾಹರಣೆ ವಿರಳ. ಅದನ್ನು ಪರಿಶೀಲಿಸಿದರೆ ಹೊರಡುವ ಉತ್ತರ ನನ್ನ ದೃಷ್ಟಿಯಲ್ಲಿ ಹೀಗಿದೆ: ಗುಣದ ಅರ್ಧವನ್ನು ನೆಲವೂ ಹವೆಯೂ ತಳಿಯೂ ಕೊಡುತ್ತವೆ; ಉಳಿದರ್ಧವನ್ನು, ಆ ನೆಲವನ್ನು ಅಳೆದು ತಿಳಿದು, ತಿಳಿದುದಕ್ಕೆ ತಮ್ಮನ್ನು ತಾವೇ ಕಟ್ಟಿಕೊಂಡ ಜನರು ಕೊಡುತ್ತಾರೆ. ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯಲ್ಲಿ ಮೊದಲರ್ಧಕ್ಕೆ ಕೊರತೆಯಿಲ್ಲ. ಎರಡನೆಯದನ್ನು ನಾವು ಇನ್ನೂ ಸಂಪಾದಿಸಬೇಕಾಗಿದೆ.

ಮೊದಲು ಹಣ್ಣನ್ನೇ ನೋಡೋಣ. ಕಪ್ಪು ದ್ರಾಕ್ಷಿಯ ಸಿಪ್ಪೆಯನ್ನು ಸುಲಿದು ತಿರುಳನ್ನು ಹಿಂಡಿದರೆ ಬರುವ ರಸ ಸಾಮಾನ್ಯವಾಗಿ ಬಣ್ಣವಿಲ್ಲದ್ದು. ಕೆಂಪೆಲ್ಲ ಸಿಪ್ಪೆಯಲ್ಲಿರುವ ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ನೇರಳೆಹಣ್ಣು ನಾಲಗೆಗೆ ಹಚ್ಚುವ ಬಣ್ಣವೂ ಇದೇ ಕುಲದ್ದು. ಸಿಪ್ಪೆಯಲ್ಲಿಯೂ ಬೀಜದಲ್ಲಿಯೂ ಟ್ಯಾನಿನ್ ಎಂಬ ವಸ್ತುಗಳಿವೆ. ಇವು ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದು ಗರಣೆಗಟ್ಟಿಸುವುದರಿಂದ ಬಾಯಿ ಒಣಗಿ ಬಿಗಿದಂತಾಗುತ್ತದೆ. ಬಾಳೆಕಾಯಿ, ಎಳೆಯ ಅಡಕೆಗಳನ್ನು ಬಲ್ಲ ಕನ್ನಡಿಗನಿಗೆ ಇದನ್ನು ವಿವರಿಸಬೇಕಾಗಿಲ್ಲ. 'ಒಗರು' ಎಂಬ ಒಂದು ಮಾತು ಸಾಕು. ಇನ್ನು ಹುಳಿ. ದ್ರಾಕ್ಷಿಯ ಮುಖ್ಯ ಆಮ್ಲವಾದ ಟಾರ್ಟಾರಿಕ್ ಆಮ್ಲವೇ ನಮ್ಮ ಹುಣಿಸೆಹಣ್ಣಿನಲ್ಲಿಯೂ ಇರುವುದು. ಅದರೊಡನೆ ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲವೂ ಇರುತ್ತದೆ. ತಿರುಳಿನ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಮದ್ಯಸಾರವನ್ನಾಗಿಯೂ ಇಂಗಾಲದ ಡೈ ಆಕ್ಸೈಡನ್ನಾಗಿಯೂ ಒಡೆಯುತ್ತವೆ. ಲೂಯಿ ಪಾಸ್ತರ್ ಅವರು ೧೮೬೬ರಲ್ಲಿ ವೈನಿನ ಮೇಲೆ ಬರೆದ ಗ್ರಂಥದಿಂದ ಈ ಸೂಕ್ಷ್ಮಜೀವಿಗಳ ಪಾತ್ರ ಲೋಕಕ್ಕೆ ಸ್ಪಷ್ಟವಾಯಿತು. ಕೆಂಪು ವೈನನ್ನು ಮಾಡುವವರು ರಸವನ್ನು ಸಿಪ್ಪೆ-ಬೀಜಗಳೊಡನೆಯೇ ಹುದುಗಲು ಬಿಡುತ್ತಾರೆ. ಬಣ್ಣವೂ ಒಗರೂ ಇಳಿಯುವುದು ಆಗಲೇ. ಆದುದರಿಂದ ಕೆಂಪು ವೈನಿನ ಗುಣವೆಂದರೆ ಬಹುಮಟ್ಟಿಗೆ ಸಿಪ್ಪೆಯ ಗುಣ.

ಇಲ್ಲಿಂದ ಗಣಿತದ ಒಂದು ಸಣ್ಣ ಲೆಕ್ಕ. ಗೋಳದ ಮೇಲ್ಮೈಯನ್ನು ಅದರ ಘನ ಅಳತೆಯಿಂದ ಭಾಗಿಸಿದರೆ ಬರುವ ಪ್ರಮಾಣ ವ್ಯಾಸಕ್ಕೆ ವಿಲೋಮವಾಗಿರುತ್ತದೆ. ಒಂದು ದ್ರಾಕ್ಷಿಯ ವ್ಯಾಸ ೧೬ ಮಿಲಿಮೀಟರ್, ಇನ್ನೊಂದರದು ೧೨ ಮಿಲಿಮೀಟರ್ ಆದರೆ, ಚಿಕ್ಕದರಲ್ಲಿ ಅಷ್ಟೇ ರಸಕ್ಕೆ ಮೂರನೆಯ ಒಂದು ಪಾಲು ಹೆಚ್ಚು ಸಿಪ್ಪೆ ದೊರೆಯುತ್ತದೆ. ಬಣ್ಣವೂ ಒಗರೂ ಗಂಧವೂ ಆ ಮೇರೆಗೆ ದಟ್ಟವಾಗುತ್ತವೆ. ತಿನ್ನುವ ದ್ರಾಕ್ಷಿಯ ಬೆಳೆಗಾರನಿಗೆ ದಪ್ಪ ಕಾಯಿ ಸೌಭಾಗ್ಯ; ವೈನಿನ ಬೆಳೆಗಾರನಿಗೆ ಅದೇ ನಷ್ಟ. ಒಂದೇ ಬಳ್ಳಿಯ ಎರಡು ಉಪಯೋಗಗಳಿಗೆ ಗುಣದ ಅಳತೆ ಹೀಗೆ ತಿರುಗುಮುರುಗಾಗುವುದನ್ನು ಗಮನಿಸತಕ್ಕದ್ದು.

ತಳಿಯ ಪಾತ್ರ ಎಷ್ಟೆಂಬುದನ್ನು ಇಟಲಿಯ ಎರಡು ಪ್ರಸಿದ್ಧ ದ್ರಾಕ್ಷಿಗಳು ತೋರಿಸುತ್ತವೆ. ವಾಯವ್ಯದ ಪಿಯೆಮೊಂತೆ ಪ್ರಾಂತದ ನೆಬ್ಬಿಯೋಲೊ ಒಂದು. ಅದರ ಹೆಸರನ್ನು ಸಾಮಾನ್ಯವಾಗಿ ಮಂಜು ಎಂಬರ್ಥದ 'ನೆಬ್ಬಿಯಾ' ಎಂಬ ಶಬ್ದಕ್ಕೆ ಸೇರಿಸಿ ಹೇಳುವರು. ಅದು ತಡವಾಗಿ, ಲಾಂಗೆ ಬೆಟ್ಟಗಳಿಗೆ ಮಂಜು ಕವಿಯುವ ಅಕ್ಟೋಬರಿನ ವೇಳೆಗೆ ಮಾಗುತ್ತದೆ. ಬಣ್ಣ ತೆಳು, ಒಗರು-ಹುಳಿಗಳು ಉಗ್ರ. ಬರೋಲೊ ಎಂಬ ವೈನು ಇದೊಂದರಿಂದಲೇ ಆಗುವುದು. ಇನ್ನೊಂದು ತೊಸ್ಕಾನ ಪ್ರಾಂತದ ಸಾಂಜೊವೇಸೆ. ಕಿಯಾಂತಿಗೂ ಮೊಂತಾಲ್ಚಿನೊದ ಬ್ರುನೆಲ್ಲೊಗೂ ಇದೇ ಆಧಾರ. ಸಾಂಜೊವೇಸೆಯನ್ನು ತೊಸ್ಕಾನದ ಅಚ್ಚ ಮಣ್ಣಿನ ಮಗಳೆಂದು ಬಹುಕಾಲ ಎಣಿಸಿದ್ದರು. ೨೦೦೪ರಲ್ಲಿ ಡಿ. ಎನ್. ಎ. ಪರೀಕ್ಷೆ ಮಾಡಿದಾಗ, ಅದರ ಹೆತ್ತವರಲ್ಲಿ ಒಂದು ತೊಸ್ಕಾನದಲ್ಲಿ ಬೆಳೆಯುವ ಚಿಲಿಯೆಜೋಲೊ, ಇನ್ನೊಂದು ದಕ್ಷಿಣ ಇಟಲಿಯ ಹೆಸರಿಲ್ಲದಂತಿದ್ದ ಒಂದು ತಳಿ ಎಂದು ತಿಳಿಯಿತು. ದ್ರಾಕ್ಷಿಯ ಬಳ್ಳಿಯಾದರೂ ಇಟಲಿಗೆ ಪೂರ್ವದಿಂದ ಬಂದುದೇ. 'ನಮ್ಮದು' ಎನಿಸಿಕೊಳ್ಳಲು ಒಂದು ಬೆಳೆ ಅಲ್ಲಿಯೇ ಹುಟ್ಟಿರಬೇಕಾಗಿಲ್ಲ. ತಲೆಮಾರುಗಳ ಕಾಲ ಅಲ್ಲಿ ಆರಿಸಲ್ಪಟ್ಟು ಪಳಗಿದ್ದರೆ ಸಾಕು. ದಕ್ಷಿಣ ಅಮೆರಿಕದಲ್ಲಿ ಹುಟ್ಟಿದ ಶೇಂಗಾ ಚಳ್ಳಕೆರೆಯ ಜೀವಾಳವಾಗಿರುವುದನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು.

ಮಣ್ಣಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿದೆ. ಕಲ್ಲಿನ ನೆಲದಲ್ಲಿ ಬೆಳೆದ ದ್ರಾಕ್ಷಿಗೆ ಕಲ್ಲಿನ ರುಚಿಯೂ ಸುಣ್ಣದ ನೆಲದಲ್ಲಿ ಬೆಳೆದುದಕ್ಕೆ ಸುಣ್ಣದ ರುಚಿಯೂ ಬರುವುದೆಂದು ಮಾರಾಟಗಾರರು ಹೇಳುವುದುಂಟು. ಬೇರು ಕಲ್ಲನ್ನು ಕುಡಿಯುವುದಿಲ್ಲ. ನೀರಿನಲ್ಲಿ ಕರಗಿದ ಕೆಲವು ಲವಣಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಹೀರುತ್ತದೆ. ಅವು ಹಣ್ಣಿಗೆ ಬಂದು ನಾಲಗೆಗೆ ತಿಳಿಯುವಷ್ಟು ರುಚಿಯನ್ನು ಕೊಡುತ್ತವೆಂಬುದಕ್ಕೆ ಆಧಾರವಿಲ್ಲ. ಮಣ್ಣಿನ ಮುಖ್ಯ ಪ್ರಭಾವ ನೀರಿನ ಮೂಲಕ ನಡೆಯುತ್ತದೆ. ಎಷ್ಟು ನೀರನ್ನು ಹಿಡಿದಿಡುತ್ತದೆ, ಎಷ್ಟು ಬೇಗ ಬಸಿಯಲು ಬಿಡುತ್ತದೆ, ಬೇರನ್ನು ಎಷ್ಟು ಆಳಕ್ಕೆ ಇಳಿಸುತ್ತದೆ, ಹಗಲಿನ ಶಾಖವನ್ನು ಎಷ್ಟು ಹೊತ್ತು ಉಳಿಸಿಕೊಳ್ಳುತ್ತದೆ ಎಂಬಿವೇ ಅದರ ಆಯುಧಗಳು. ಕಾಯಿ ಬಣ್ಣಕ್ಕೆ ತಿರುಗುವ ಸಮಯದಿಂದ ಬಳ್ಳಿಗೆ ಮಿತವಾದ ಬಾಯಾರಿಕೆಯಾದರೆ ಚಿಗುರು ನಿಲ್ಲುತ್ತದೆ, ಕಾಯಿ ಚಿಕ್ಕದಾಗಿಯೇ ಉಳಿಯುತ್ತದೆ, ಸಿಪ್ಪೆಯಲ್ಲಿ ಬಣ್ಣ ಕೂಡಿಕೊಳ್ಳುತ್ತದೆ. ಬಾಯಾರಿಕೆ ಮಿತಿಮೀರಿದರೆ ಎಲೆ ಉದುರಿ ಹಣ್ಣು ಮಾಗದೆ ಬಾಡುತ್ತದೆ. ಒಳ್ಳೆಯ ದ್ರಾಕ್ಷಿಯ ನೆಲವೆಂದರೆ ಬಳ್ಳಿಯನ್ನು ಹಸಿವಿನಲ್ಲಿಟ್ಟೂ ಸಾಯಗೊಡದ ನೆಲ.

ಬರೋಲೊ ಸೀಮೆಯೇ ಇದಕ್ಕೆ ನಿದರ್ಶನ. ಕೆಲವೇ ಮೈಲಿಗಳ ಆ ಹರವಿನಲ್ಲಿ ಪಶ್ಚಿಮದ ಲಾ ಮೊರ್ರ, ಬರೋಲೊ ಗ್ರಾಮಗಳ ಇಳಿಜಾರು ನೀಲಿಬೂದು ಬಣ್ಣದ ಜೇಡಿ-ಸುಣ್ಣದ ಮಣ್ಣು; ಪೂರ್ವದ ಸೆರ್ರಲುಂಗ, ಮೊನ್‌ಫೋರ್ತೆಗಳದು ಅದಕ್ಕಿಂತ ಹಳೆಯ, ಗಡುಸಾದ ಪದರ. ತಳಿ ಒಂದೇ, ಮಾಡುವ ವಿಧಾನ ಒಂದೇ. ಆದರೂ ಪಶ್ಚಿಮದ ವೈನು ಮೃದುವೆಂದೂ ಬೇಗ ಹದಕ್ಕೆ ಬರುವುದೆಂದೂ, ಪೂರ್ವದ್ದು ಬಿರುಸೆಂದೂ ಬಹುಕಾಲ ಬಾಳುವುದೆಂದೂ ಪರಿಣತರು ಹೇಳುವರು. ಈ ಬಗೆಯ ವಿವೇಚನೆ ಹೊಸದೇನೂ ಅಲ್ಲ. ಪ್ರಾಚೀನ ರೋಮಿನ ಪ್ಲಿನಿಯು ಫಲೆರ್ನಿಯನ್ ಎಂಬ ಪ್ರಖ್ಯಾತ ವೈನನ್ನು ಕುರಿತು ಬರೆಯುತ್ತ, ಬೆಟ್ಟದ ನೆತ್ತಿ, ನಡು, ಬುಡ ಎಂಬ ಎತ್ತರದ ಮೇರೆಗೆ ಅದಕ್ಕೆ ಬೇರೆ ಬೇರೆ ಹೆಸರುಗಳಿದ್ದುವೆಂದು ದಾಖಲಿಸಿದ್ದಾನೆ.

ಹೀಗಿರಲು, ಬಡ ಮಣ್ಣೂ ಅಲ್ಪ ಮಳೆಯೂ ಇರುವ ಚಳ್ಳಕೆರೆ-ಮೊಳಕಾಲ್ಮೂರುಗಳಲ್ಲಿ ಇಟಲಿಯ ದ್ರಾಕ್ಷಿಯನ್ನೇ ನೆಟ್ಟರಾಯಿತಲ್ಲವೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಹಾಸ್ಯದ್ದಲ್ಲ. ಉತ್ತರಕ್ಕೆ ಕೆಲವೇ ಗಂಟೆಗಳ ದಾರಿಯಲ್ಲಿ, ಹಂಪಿ ಸೀಮೆಯ ಗುಡ್ಡಗಳ ನಡುವೆ, ಕೃಸ್ಮಾ ಎಂಬ ತೋಟದವರು ಸಾಂಜೊವೇಸೆಯನ್ನು ಬೆಳೆದು ವೈನು ಮಾಡಿದ್ದಾರೆ. ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯ ಅಕಲೂಜದಲ್ಲಿ ಫ್ರತೆಲ್ಲಿ ಸಂಸ್ಥೆಯವರು ತೊಸ್ಕಾನದ ವೈನು ತಜ್ಞರಾದ ಪಿಯೆರೊ ಮಾಸಿಯವರನ್ನು ಕರೆಸಿ ಅದೇ ತಳಿಯನ್ನು ನೆಟ್ಟರು. ಬಳ್ಳಿ ಬೆಳೆಯುತ್ತದೆ, ಹಣ್ಣೂ ಬಿಡುತ್ತದೆ. ಆದರೆ ಆಗುವ ವೈನು ತೊಸ್ಕಾನದ್ದಾಗುವುದಿಲ್ಲ. ಅದಕ್ಕೆ ಕಾರಣ ಆಕಾಶದಲ್ಲಿದೆ.

ಮೊಂತಾಲ್ಚಿನೊ, ಬರೋಲೊಗಳು ೪೩ರಿಂದ ೪೫ ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇವೆ. ಚಳ್ಳಕೆರೆ, ಮೊಳಕಾಲ್ಮೂರುಗಳು ೧೪ರಿಂದ ೧೫ ಡಿಗ್ರಿಗಳ ನಡುವೆ. ಮೊಂತಾಲ್ಚಿನೊ ಪಟ್ಟಣವೂ ಚಳ್ಳಕೆರೆಯೂ ಸಮುದ್ರಮಟ್ಟದಿಂದ ೫೦೦ ಮೀಟರಿಗೂ ಮೀರಿದ ಎತ್ತರದಲ್ಲಿವೆ. ಆದರೆ ಎತ್ತರದ ಸಮಾನತೆ ಅಕ್ಷಾಂಶದ ಅಂತರವನ್ನು ತುಂಬಲಾರದು. ಇಟಲಿಯ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತದೆ, ವಸಂತದಲ್ಲಿ ಚಿಗುರುತ್ತದೆ, ದೀರ್ಘವಾದ ಬೇಸಗೆಯ ಹಗಲುಗಳಲ್ಲಿ ಕಾಯಿ ಕಟ್ಟಿ, ದಿನದಿನಕ್ಕೆ ತಂಪಾಗುವ ಶರದೃತುವಿನಲ್ಲಿ ಮಾಗುತ್ತದೆ. ನಮ್ಮಲ್ಲಿ ಬಳ್ಳಿಗೆ ನಿದ್ರೆಯೇ ಇಲ್ಲ. ಆದುದರಿಂದ ಏಪ್ರಿಲ್ ಸುಮಾರಿಗೆ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಮ್ಮೆ ಕತ್ತರಿಸಿ, ಬಳ್ಳಿಗೆ ಕೃತಕವಾದ ಋತುಚಕ್ರವನ್ನು ಕಲಿಸಬೇಕಾಗುತ್ತದೆ. ಹಣ್ಣು ಮಾಗುವುದು ದಿನದಿನಕ್ಕೆ ಬಿಸಿಲೇರುವ ಫೆಬ್ರವರಿ-ಮಾರ್ಚಿಯಲ್ಲಿ. ಶಾಖ ಹೆಚ್ಚಿದಂತೆ ಹಣ್ಣಿನ ಉಸಿರಾಟದಲ್ಲಿ ಮ್ಯಾಲಿಕ್ ಆಮ್ಲ ಬೇಗ ಖರ್ಚಾಗುತ್ತದೆ. ರಾತ್ರಿ ಬಿಸಿಯಾಗಿದ್ದರೆ ಸಿಪ್ಪೆಯಲ್ಲಿ ಬಣ್ಣ ಸರಿಯಾಗಿ ಕೂಡಿಕೊಳ್ಳದು. ಸಕ್ಕರೆ ಮಾತ್ರ ಓಡೋಡಿ ಬಂದು, ಬೀಜದ ಒಗರು ಹಸಿಯಾಗಿಯೇ ಉಳಿಯುವ ಸಂಭವವುಂಟು. ಬಲ್ಲ ಬೆಳೆಗಾರರು ಕತ್ತರಿಸುವ ದಿನವನ್ನೂ ಕೊಯ್ಯುವ ಗಳಿಗೆಯನ್ನೂ ಇದಕ್ಕೆ ತಕ್ಕಂತೆ ಹೊಂದಿಸಿಕೊಂಡಿದ್ದಾರೆ. ಅವರ ವೈನು ಒಳ್ಳೆಯದಾಗಬಹುದು. ಆದರೆ ಅದು ಈ ನೆಲದ ವೈನು.

ಬಳ್ಳಿಯನ್ನು ತರಬಹುದು, ತಜ್ಞರನ್ನು ಕರೆಸಬಹುದು, ಪೀಪಾಯಿಯನ್ನು ಕೊಳ್ಳಬಹುದು. ಚಳಿಗಾಲವನ್ನು ತರಲಾಗುವುದಿಲ್ಲ. ನಮ್ಮ ಸೀಮೆಯವರು ಇಟಲಿಯಿಂದ ಬಳ್ಳಿಗಿಂತ ಹೆಚ್ಚಾಗಿ ಕಲಿಯಬೇಕಾದುದು ಬೇರೊಂದಿದೆಯೆಂದು ನಾನು ಹೇಳುವುದು ಆದುದರಿಂದಲೇ. ಅದು ಕಟ್ಟಳೆಯ ಪಾಠ.

೧೭೧೬ರಲ್ಲಿ ತೊಸ್ಕಾನದ ಅರಸನಾಗಿದ್ದ ಮೂರನೆಯ ಕೊಸಿಮೊ, ಕಿಯಾಂತಿಯೂ ಸೇರಿದಂತೆ ನಾಲ್ಕು ಸೀಮೆಗಳ ಎಲ್ಲೆಯನ್ನು ಗುರುತಿಸಿ, ಆ ಎಲ್ಲೆಯ ಹೊರಗಿನ ವೈನನ್ನು ಆ ಹೆಸರಿನಿಂದ ಮಾರಕೂಡದೆಂದು ಆಜ್ಞೆ ಹೊರಡಿಸಿದನು. ೧೯೬೩ರಲ್ಲಿ ಇಟಲಿಯ ಗಣರಾಜ್ಯ ದೇಶಕ್ಕೆಲ್ಲ ಅನ್ವಯಿಸುವ ಕಾನೂನನ್ನು ಮಾಡಿತು; ೧೯೮೦ರಲ್ಲಿ ಬರೋಲೊ, ಬ್ರುನೆಲ್ಲೊ ಮೊದಲಾದುವಕ್ಕೆ ಅತ್ಯುನ್ನತ ದರ್ಜೆ ದೊರೆಯಿತು. ಈ ಕಟ್ಟಳೆಗಳು ಎಲ್ಲೆಯನ್ನಷ್ಟೇ ಹೇಳುವುದಿಲ್ಲ. ಬರೋಲೊ ಬೆಳೆಗಾರ ಹೆಕ್ಟೇರಿಗೆ ೮ ಟನ್ನಿಗಿಂತ ಹೆಚ್ಚು ದ್ರಾಕ್ಷಿಯನ್ನು ತೆಗೆಯಕೂಡದು. ಬರಗಾಲದ ತುರ್ತಿನ ಹೊರತು ನೀರು ಹಾಯಿಸಕೂಡದು. ವೈನನ್ನು ಕನಿಷ್ಠ ೩೮ ತಿಂಗಳು, ಅದರಲ್ಲಿ ೧೮ ತಿಂಗಳು ಮರದ ಪೀಪಾಯಿಯಲ್ಲಿ, ಇಟ್ಟು ಹದಗೊಳಿಸದೆ ಮಾರಕೂಡದು. ನಮ್ಮ ದೇಶದಲ್ಲಿ ತಿನ್ನುವ ದ್ರಾಕ್ಷಿಯನ್ನು ಹೆಕ್ಟೇರಿಗೆ ೨೦ ಟನ್ನಿಗೂ ಮೀರಿ ತೆಗೆಯುವುದು ಸಾಮಾನ್ಯವೆಂಬುದನ್ನು ನೆನೆದರೆ ಈ ಸಂಯಮದ ಬೆಲೆ ತಿಳಿಯುತ್ತದೆ. ಹೆಚ್ಚು ಬೆಳೆಯಬಲ್ಲವನು ಕಡಮೆ ಬೆಳೆಯುತ್ತೇನೆಂದು ಬರೆದುಕೊಡುತ್ತಾನೆ.

ಕಟ್ಟಳೆ ಜ್ಞಾನವನ್ನು ಅನುಸರಿಸಬೇಕೇ ಹೊರತು ಅದಕ್ಕೆ ಬೇಲಿಯಾಗಬಾರದು ಎಂಬುದನ್ನೂ ಇಟಲಿಯವರು ಕಷ್ಟದಿಂದಲೇ ಕಲಿತರು. ೧೯೬೭ರ ಕಿಯಾಂತಿ ನಿಯಮ ಕೆಂಪು ವೈನಿಗೆ ಬಿಳಿಯ ದ್ರಾಕ್ಷಿಯನ್ನು ಬೆರೆಸಲೇಬೇಕೆಂದು ವಿಧಿಸಿತ್ತು. ಅದರಿಂದ ವೈನು ತೆಳುವಾಗುತ್ತಿತ್ತು. ೧೯೭೦ರ ದಶಕದಲ್ಲಿ ಕೆಲವರು ಈ ನಿಯಮಕ್ಕೆ ಬಗ್ಗದೆ, 'ಕಿಯಾಂತಿ' ಎಂಬ ಹೆಸರನ್ನೇ ಬಿಟ್ಟುಕೊಟ್ಟು, ಸಾಮಾನ್ಯ ಮೇಜಿನ ವೈನೆಂಬ ಚೀಟಿಯ ಕೆಳಗೆ ಉತ್ತಮವಾದ ವೈನನ್ನು ಮಾರಿದರು. ಕೊನೆಗೆ ನಿಯಮವೇ ತಿದ್ದಿಕೊಂಡಿತು. ೨೦೦೬ರಿಂದ ಕಿಯಾಂತಿ ಕ್ಲಾಸಿಕೊದಲ್ಲಿ ಬಿಳಿಯ ದ್ರಾಕ್ಷಿ ನಿಷಿದ್ಧ.

ಕಾನೂನಿದ್ದ ಮಾತ್ರಕ್ಕೆ ಹೆಸರು ಉಳಿಯುತ್ತದೆಂದೂ ತಿಳಿಯಬಾರದು. ೧೯೮೬ರಲ್ಲಿ ಇಟಲಿಯ ಕೆಲವು ವ್ಯಾಪಾರಿಗಳು ಅಗ್ಗದ ವೈನಿನ ಮದ್ಯಸಾರವನ್ನು ಏರಿಸುವುದಕ್ಕಾಗಿ ಮೆಥನಾಲನ್ನು ಬೆರೆಸಿದರು. ಮೆಥನಾಲು ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಕೊಲ್ಲುವ ವಿಷ. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಹಲವರು ಕುರುಡರಾದರು. ಅಪರಾಧ ಮಾಡಿದವರು ಕೆಲವರೇ. ಆದರೆ ಹೊರದೇಶಗಳಲ್ಲಿ ಇಟಲಿಯ ವೈನಿನ ಮಾರಾಟವೇ ಕುಸಿದು, ಪ್ರಾಮಾಣಿಕರೂ ದಂಡ ತೆತ್ತರು. ೧೯೯೨ರಲ್ಲಿ ಹೊಸ ಕಾನೂನು ಬಂದಿತು. ಊರಿನ ಹೆಸರು ಎಲ್ಲರ ಸೊತ್ತಾಗಿರುವುದರಿಂದ ಒಬ್ಬನ ಮೋಸ ಎಲ್ಲರನ್ನೂ ತಟ್ಟುತ್ತದೆ.

ಈಗ ನಮ್ಮ ಕಡೆಗೆ ನೋಡೋಣ. ಭಾರತದ ಸಂಸತ್ತು ೧೯೯೯ರಲ್ಲಿ ಭೌಗೋಳಿಕ ಸೂಚಿಗಳ ಕಾನೂನನ್ನು ಅಂಗೀಕರಿಸಿತು. ಅದು ೨೦೦೩ರಲ್ಲಿ ಜಾರಿಗೆ ಬಂದಿತು. ಬೆಂಗಳೂರಿನ ಸುತ್ತ ಬೆಳೆಯುವ 'ಬೆಂಗಳೂರು ನೀಲಿ' ದ್ರಾಕ್ಷಿಗೆ ಅದರನ್ವಯ ರಕ್ಷಣೆ ದೊರೆತಿದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೂ ದೊರೆತಿದೆ. ಸಂತೋಷವೇ. ಆದರೆ ಇಟಲಿಯ ನಿದರ್ಶನವನ್ನು ನೋಡಿದವರು ಒಂದು ಪ್ರಶ್ನೆ ಕೇಳದಿರಲಾರರು: ಹೆಸರಿನ ಹಿಂದೆ ಇರಬೇಕಾದ ಅಳತೆಗಳನ್ನು ಊರಿನವರೆಲ್ಲ ಬಲ್ಲರೆ? ಮೊಳಕಾಲ್ಮೂರಿನ ಸೀರೆಯ ಗುಣ ಮಣ್ಣಿನಿಂದ ಬರುವುದಲ್ಲ. ಮಗ್ಗದ ಮುಂದೆ ಕುಳಿತ ಕೈಯಿಂದ ಬರುವುದು. ಅಂಚನ್ನು ಒಡಲಿಗೆ ಹೆಣೆಯುವ ಬಗೆ, ನೂಲಿನ ಹುರಿ, ಜರಿಯ ತೂಕ, ಬಣ್ಣ ನಿಲ್ಲುವ ಕಾಲ ಇವೆಲ್ಲ ಅಳೆಯಬಹುದಾದ ಸಂಗತಿಗಳು. ಇವನ್ನು ಕೊಳ್ಳುವವಳೂ ಕಂಡುಕೊಳ್ಳುವಂತೆ ಮಾಡದಿದ್ದರೆ, ಯಂತ್ರದ ಮಗ್ಗದಲ್ಲಿ ನೇಯ್ದ ಅನುಕರಣೆ ಅದೇ ಹೆಸರಿನಿಂದ ಅರ್ಧ ಬೆಲೆಗೆ ಮಾರಾಟವಾಗುವುದನ್ನು ಮುದ್ರೆಯೊಂದೇ ತಡೆಯಲಾರದು.

ಚಳ್ಳಕೆರೆಯ ಮಾತು ಇನ್ನೂ ಗಂಭೀರವಾದುದು. ಎಣ್ಣೆಯ ಗಿರಣಿಗಳಿಂದ 'ಎಣ್ಣೆಯ ನಗರ' ಎನಿಸಿಕೊಂಡ ಈ ಪೇಟೆಯ ಶೇಂಗಾಕ್ಕೆ ಸ್ವಂತ ಗುಣವೊಂದು ಇದೆಯೆ? ಇರಲೇಬೇಕು ಎನ್ನಲು ಕಾರಣಗಳಿವೆ. ಶೇಂಗಾ ಎಣ್ಣೆಯಲ್ಲಿ ಓಲಿಯಿಕ್, ಲಿನೋಲಿಯಿಕ್ ಎಂಬ ಎರಡು ಕೊಬ್ಬಿನ ಆಮ್ಲಗಳು ಮುಖ್ಯ. ಮೊದಲನೆಯದು ಹೆಚ್ಚಿದ್ದಷ್ಟೂ ಎಣ್ಣೆ ಬೇಗ ಕಮಟುವುದಿಲ್ಲ. ಇವೆರಡರ ಪ್ರಮಾಣ ತಳಿಯಿಂದ ತಳಿಗೆ ಬೇರೆ. ಅದೇ ತಳಿಯಲ್ಲಿಯೂ ಕಾಯಿ ತುಂಬುವಾಗಿನ ಶಾಖದ ಮೇರೆಗೆ ಬದಲಾಗುತ್ತದೆ, ಬಿಸಿ ಹವೆಯಲ್ಲಿ ಓಲಿಯಿಕ್ ಆಮ್ಲ ಹೆಚ್ಚುತ್ತದೆ. ವರ್ಷಕ್ಕೆ ಸರಾಸರಿ ೫೦೦ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಕೆಂಪು ಮರಳುಮಣ್ಣು ಹಾಸಿದ, ರಾಜ್ಯದ ಅತ್ಯಂತ ಒಣ ಸೀಮೆಗಳಲ್ಲೊಂದಾದ ಇಲ್ಲಿ ಬೆಳೆದ ಕಾಯಿ ನೀರಾವರಿಯ ಕಾಯಿಯಂತೆಯೇ ಇರಬೇಕಾಗಿಲ್ಲ. ಆದರೆ ಮಾರುಕಟ್ಟೆಯಲ್ಲಿ ಅದು ತೂಕಕ್ಕೆ ಮಾರಾಟವಾಗಿ, ಎಲ್ಲಿಂದಲೋ ಬಂದ ಕಾಯಿಯೊಡನೆ ಗಿರಣಿಯಲ್ಲಿ ಬೆರೆತು, ಹೆಸರಿಲ್ಲದ ಎಣ್ಣೆಯಾಗುತ್ತದೆ. ಬರೋಲೊದ ದ್ರಾಕ್ಷಿಯನ್ನು ಬಯಲಿನ ದ್ರಾಕ್ಷಿಯೊಡನೆ ಒಂದೇ ತೊಟ್ಟಿಗೆ ಸುರಿದಂತೆ.

ಬರ ಎಲ್ಲ ಬೆಳೆಗೂ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ದ್ರಾಕ್ಷಿಗೆ ಕೊನೆಗಾಲದ ಮಿತವಾದ ಬಾಯಾರಿಕೆ ಗುಣವನ್ನು ತರುತ್ತದೆ. ಶೇಂಗಾಕ್ಕೆ ಕೊನೆಗಾಲದ ಬರ ಬಿದ್ದರೆ ಆಸ್ಪರ್ಜಿಲಸ್ ಎಂಬ ಬೂಷ್ಟು ಕಾಯಿಯನ್ನು ಹೊಕ್ಕು, ಯಕೃತ್ತಿಗೆ ಕೇಡು ಮಾಡುವ ಅಫ್ಲಾಟಾಕ್ಸಿನ್ ವಿಷವನ್ನು ಬಿಡುತ್ತದೆ. ಆದುದರಿಂದ ಒಂದು ಬೆಳೆಯ ಪಾಠವನ್ನು ಇನ್ನೊಂದಕ್ಕೆ ಕಣ್ಣುಮುಚ್ಚಿ ಅನ್ವಯಿಸುವುದು ಅಪಾಯ. ಪ್ರತಿಯೊಂದನ್ನೂ ಅದರ ನೆಲದಲ್ಲಿಯೇ ಅಳೆಯಬೇಕು. ಯಾವ ಹೊಲದಲ್ಲಿ ಯಾವ ವಾರ ತೇವ ಎಷ್ಟಿತ್ತು, ಕಿತ್ತ ಕಾಯಿ ಎಷ್ಟು ದಿನದಲ್ಲಿ ಒಣಗಿತು, ಎಣ್ಣೆಯಲ್ಲಿ ಆಮ್ಲಗಳ ಪ್ರಮಾಣವೇನು ಎಂಬ ಲೆಕ್ಕವಿಟ್ಟು, ವಿಷವಿಲ್ಲದುದೆಂದು ಪರೀಕ್ಷಿಸಿದ ಕಾಯಿಯನ್ನು ಮಾತ್ರ ಊರಿನ ಹೆಸರಿನಿಂದ ಮಾರುವ ಕಟ್ಟಳೆಯನ್ನು ಚಳ್ಳಕೆರೆ ತನಗೆ ತಾನೇ ವಿಧಿಸಿಕೊಂಡರೆ, ಆಗ ಆ ಹೆಸರಿಗೆ ಅರ್ಥ ಬರುತ್ತದೆ.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು. ಹೊಟ್ಟೆ ತುಂಬಿದ ಇಟಲಿಯ ರೈತ ಕಡಮೆ ಬೆಳೆದು ಹೆಚ್ಚು ಬೆಲೆ ಪಡೆಯಬಲ್ಲ. ಮಳೆ ತಪ್ಪಿದರೆ ಗುಳೆ ಹೋಗುವ ನಮ್ಮ ರೈತ ಸಂಯಮದ ಮಾತನ್ನು ಕೇಳಿ ಏನು ಮಾಡಿಯಾನು? ಆಕ್ಷೇಪ ನ್ಯಾಯವಾದುದೇ. ಆದರೆ ಲಾಂಗೆ ಬೆಟ್ಟಗಳು ಎಂದೂ ಸಂಪನ್ನವಾಗಿದ್ದುವೆಂದು ತಿಳಿಯಬಾರದು. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿಯೂ ಅವು ಬಡತನಕ್ಕೆ ಹೆಸರಾಗಿದ್ದುವು. ತರುಣರು ಹೊಲ ಬಿಟ್ಟು ತುರಿನ್ ನಗರದ 'ಫಿಯೆಟ್' ಕಾರ್ಖಾನೆಗಳಿಗೆ ಹೋಗುತ್ತಿದ್ದರು. ೧೯೫೮ರಲ್ಲಿ ಬಾರ್ಬರೆಸ್ಕೊ ಎಂಬ ಹಳ್ಳಿಯ ಪಾದ್ರಿಯೊಬ್ಬರು ೧೯ ಮಂದಿ ಸಣ್ಣ ಬೆಳೆಗಾರರನ್ನು ಕೂಡಿಸಿ ಸಹಕಾರ ಸಂಘವನ್ನು ಕಟ್ಟಿದರು. ಆ ಸಂಘ ಇಂದು ಒಂದೊಂದು ಇಳಿಜಾರಿನ ವೈನನ್ನು ಆ ಇಳಿಜಾರಿನ ಹೆಸರಿನಿಂದಲೇ ಪ್ರತ್ಯೇಕವಾಗಿ ತುಂಬಿ ಲೋಕಕ್ಕೆ ಮಾರುತ್ತಿದೆ. ೨೦೧೪ರಲ್ಲಿ ಯುನೆಸ್ಕೊ ಆ ಬೆಟ್ಟಗಳ ದ್ರಾಕ್ಷಿತೋಟಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸಂಯಮದ ಭಾರವನ್ನು ಒಬ್ಬೊಂಟಿ ರೈತನ ತಲೆಯ ಮೇಲೆ ಹೊರಿಸುವುದು ಅನ್ಯಾಯ. ಅದನ್ನು ಸಂಘ ಹೊರಬೇಕು, ಸರ್ಕಾರ ಆಸರೆ ಕೊಡಬೇಕು.

ಇನ್ನೊಂದು ದಾರಿಯೂ ನಮ್ಮ ಕಣ್ಣ ಮುಂದಿದೆ. ನೆಲವನ್ನು ಆಳಕ್ಕೆ, ಇನ್ನೂ ಆಳಕ್ಕೆ ಕೊರೆದು, ನೂರಾರು ವರ್ಷಗಳಲ್ಲಿ ಬಂಡೆಯ ಬಿರುಕುಗಳಲ್ಲಿ ಕೂಡಿದ ನೀರನ್ನು ಕೆಲವೇ ಬೆಳೆಗಳಿಗೆ ಸುರಿದು, ಒಣ ಸೀಮೆಯನ್ನು ಕೆಲವು ಕಾಲ ಮಲೆನಾಡಿನಂತೆ ನಟಿಸುವಂತೆ ಮಾಡುವ ದಾರಿ. ಆ ನೀರು ಬತ್ತಿದಾಗ ಬೆಳೆಯೂ ಇಲ್ಲ, ಹೆಸರೂ ಇಲ್ಲ. ಆಳದ ನೀರಿನೊಡನೆ ಬಂಡೆಯ ಫ್ಲೋರೈಡು ಮೇಲೆ ಬಂದು ಮಕ್ಕಳ ಹಲ್ಲನ್ನು ಕಂದಿಸುವುದು ಬಯಲುಸೀಮೆಗೆ ತಿಳಿಯದ ಸಂಗತಿಯಲ್ಲ. ತನ್ನ ನೆಲದ ಮಿತಿಯನ್ನು ಅರಿತು ಅದರೊಳಗೆ ಗುಣವನ್ನು ಹುಡುಕುವುದಕ್ಕೂ, ಮಿತಿಯನ್ನು ಮರೆತು ಮೊತ್ತವನ್ನು ಬೆನ್ನಟ್ಟುವುದಕ್ಕೂ ಇರುವ ಅಂತರ ಇದೇ.

ವಿದ್ಯಾರ್ಥಿಗಳು ಈ ಕಾರ್ಯದಲ್ಲಿ ಮಾಡಬಹುದಾದುದು ಸ್ವಲ್ಪವಲ್ಲ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ, ನೆರಳಿನಲ್ಲಿ ಗರಿಷ್ಠ-ಕನಿಷ್ಠ ಉಷ್ಣತಾಮಾಪಕ, ಒಂದು ಗಟ್ಟಿ ರಟ್ಟಿನ ಪುಸ್ತಕ ಇಷ್ಟಿದ್ದರೆ ಸಾಕು. ಹಗಲಿಗೂ ಇರುಳಿಗೂ ಶಾಖದ ಅಂತರವೆಷ್ಟು, ಬೆಟ್ಟದ ಬುಡಕ್ಕೂ ಬಯಲಿಗೂ ಭೇದವೆಷ್ಟು, ಒಂದೇ ಬಿತ್ತನೆಯ ಶೇಂಗಾ ಕೆಂಪು ಮಣ್ಣಿನಲ್ಲಿಯೂ ಕಪ್ಪು ಮಣ್ಣಿನಲ್ಲಿಯೂ ಹೇಗೆ ಕಾಯಿ ಕಟ್ಟುತ್ತದೆ ಎಂಬುದನ್ನು ದಿನವೂ ತಪ್ಪದೆ ಬರೆದಿಡಬಹುದು. ಒಂದು ವರ್ಷದ ಲೆಕ್ಕ ಕುತೂಹಲ. ಹತ್ತು ವರ್ಷದ ಲೆಕ್ಕ ವಿಜ್ಞಾನ. ಒಂದು ತರಗತಿ ಮುಗಿಸಿ ಹೋಗುವಾಗ ಪುಸ್ತಕವನ್ನು ಮುಂದಿನ ತರಗತಿಯ ಕೈಗೆ ಕೊಡಬೇಕು. ಚಳ್ಳಕೆರೆಯ ಬಳಿ, ಕುದಾಪುರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಸುತ್ತಲಿನ ಶಾಲೆಗಳು ಕೂಡಿಹಾಕಿದ ಇಂಥ ಲೆಕ್ಕಗಳನ್ನು ಅಲ್ಲಿನ ವಿದ್ವಾಂಸರ ಮುಂದಿಟ್ಟು ಪ್ರಶ್ನೆ ಕೇಳುವ ಹಕ್ಕು ಈ ಸೀಮೆಯ ಮಕ್ಕಳಿಗೆ ಇದ್ದೇ ಇದೆ.

ಇಟಲಿಯ ರೈತನು ತನ್ನ ಇಳಿಜಾರಿನ ಗುಣವನ್ನು ಒಂದು ದಿನದಲ್ಲಿ ಅರಿಯಲಿಲ್ಲ. ಯಾವ ಸಾಲು ಮೊದಲು ಮಾಗುತ್ತದೆ, ಯಾವ ಮೂಲೆಯಲ್ಲಿ ಮಂಜು ನಿಲ್ಲುತ್ತದೆ ಎಂಬುದನ್ನು ಅಜ್ಜನಿಂದ ಮೊಮ್ಮಗನವರೆಗೆ ನೋಡಿ ನೋಡಿ ತಿಳಿದನು. ತಿಳಿದ ಮೇಲೆ ಕಾನೂನನ್ನು ಬರೆದನು. ನಾವು ಹೆಸರನ್ನು ಮೊದಲು ಪಡೆದಿದ್ದೇವೆ, ತಿಳಿವನ್ನು ಇನ್ನು ಸಂಪಾದಿಸಬೇಕಾಗಿದೆ. ಕ್ರಮ ಹಿಂದುಮುಂದಾದರೂ ಚಿಂತೆಯಿಲ್ಲ, ಕೆಲಸ ನಿಲ್ಲದಿದ್ದರೆ ಸರಿ. ಬಯಲುಸೀಮೆಯ ಮಣ್ಣು ಬಡದೆಂದು ಹೇಳಿ ಹೇಳಿ ನಮಗೆ ರೂಢಿಯಾಗಿದೆ. ಅದು ಏನನ್ನು ಕೊಡಬಲ್ಲದೆಂಬುದನ್ನು ಅಳೆದು ನೋಡುವ ತನಕ ಹಾಗೆ ಹೇಳಲು ನಮಗೆ ಅಧಿಕಾರವಿಲ್ಲ.